ನೇರ ವಿಮಾನಕ್ಕೆ ನಾಲ್ಕೇ ಗಂಟೆ

ಬೆಂಗಳೂರಿನಿಂದ ದುಬೈಗೆ ಸುಮಾರು ಎರಡು ಸಾವಿರದ ಏಳುನೂರು ಕಿಲೋಮೀಟರು, ನೇರ ವಿಮಾನಕ್ಕೆ ನಾಲ್ಕೇ ಗಂಟೆ. ತಿಪಟೂರು ಬಸ್‌ಸ್ಟ್ಯಾಂಡಿನ ಹಿಂದೆ ಟಿಕೆಟ್ ಮಾಡಿಕೊಡುವ ಅಂಗಡಿ ಇಟ್ಟಿರುವ ಪುಷ್ಪಲತಾಗೆ ಇದು ಬಾಯಿಪಾಠ. ಆದರೆ ಕೊಬ್ಬರಿ ಮಂಡಿಯ ಜಯದೇವಪ್ಪ ಬಂದು, "ದುಬೈಗೆ ಅಗ್ಗದ್ದು ಯಾವ್ದೈತೆ, ಅದ್ನೇ ಮಾಡಮ್ಮ" ಎಂದಾಗ ಅವಳು ನೇರ ವಿಮಾನದ ಮಾತೇ ಎತ್ತಲಿಲ್ಲ.

ಅವನಿಗೆ ಅವಳ ಗುರುತು ಹತ್ತಲಿಲ್ಲ. ಅವಳು ಮಾತ್ರ ಆ ದನಿಯನ್ನು ಮರೆತಿರಲಿಲ್ಲ. ಅವಳು ಚಿಕ್ಕವಳಿದ್ದಾಗ ಒಮ್ಮೆ ದಂಡಿನಶಿವರದಿಂದ ಅವನ ಮಂಡಿಗೆ ಕೊಬ್ಬರಿ ತಂದಿದ್ದ ಅವಳ ಅಪ್ಪ ಆಂಜನಪ್ಪ, ತೂಕದಲ್ಲಿ ಮೋಸವಿದೆ ಎಂದು ನಾಲ್ಕು ಜನರೆದುರು ಅಂದುಬಿಟ್ಟಿದ್ದ. ಅಷ್ಟಕ್ಕೇ ಜಯದೇವಪ್ಪ ಅವನನ್ನು ಹೊತ್ತು ಮುಳುಗುವವರೆಗೂ ಬಿಸಿಲಲ್ಲಿ ಕಾಯಿಸಿದ. ಆಮೇಲೆ ಬಂದವರದೆಲ್ಲ ತೂಗಿ ಮುಗಿದರೂ, "ಕೂತಿರ್ಲಾ, ಕರೀತೀನಿ" ಎನ್ನುತ್ತಲೇ ಇದ್ದ. ಅಪ್ಪನ ಪಕ್ಕದಲ್ಲಿ ಹಲ್ಲು ಕಚ್ಚಿಕೊಂಡು ಕೂತಿದ್ದವಳು ಪುಷ್ಪಲತಾ.

ಅವಳು ಮಸ್ಕತ್ ಮೇಲೆ ಹೋಗುವ ಟಿಕೆಟ್ ಮಾಡಿದಳು. ಅಲ್ಲಿ ಇಳಿದರೆ ದುಬೈ ವಿಮಾನಕ್ಕೆ ಹತ್ತೊಂಬತ್ತು ಗಂಟೆ ಕಾಯಬೇಕು. ಟಿಕೆಟಿನಲ್ಲಿ ಎಲ್ಲ ಬರೆದಿತ್ತು. ಅವನು ರೇಟು ಬಿಟ್ಟು ಬೇರೇನೂ ನೋಡಲಿಲ್ಲ.

ಮಸ್ಕತ್ತಿನಿಂದ ಫೋನು ಬಂತು. "ಏನಮ್ಮಾ ಇದು, ಕೂತೂ ಕೂತೂ ಸೊಂಟ ಬಿದ್ದೋಯ್ತು! ಇನ್ನೂ ಎಷ್ಟೊತ್ತು?"

"ಕೂತಿರಿ ಸಾವ್ಕಾರ್ರೇ, ಕರೀತಾರೆ. ನಾನು ದಂಡಿನಶಿವರದ ಆಂಜನಪ್ಪನ ಮಗಳು ಕಣ್ರೀ."

"ಆ ತೂಕದ ಗಲಾಟೆ ಆಂಜನಪ್ಪನ ಮಗಳಾ!"

"ವಾಪಸ್ ಬರೋ ಟಿಕೆಟೂ ನಾನೇ ಮಾಡಿರೋದು," ಎಂದು ಅವಳು ಫೋನಿಟ್ಟಳು.