ಕರಡಿ ಬೋನಿನ ಹಳೇ ಬೋರ್ಡು

ಮೃಗಾಲಯದ ಬೋರ್ಡುಗಳನ್ನು ಬರೆಯುವ ಪೇಂಟರನನ್ನು ಎಲ್ಲರೂ ಆರ್ಬೆರಳು ಎಂದೇ ಕರೆಯುತ್ತಿದ್ದರು. ಅವನ ಎಡಗೈಗೆ ಆರು ಬೆರಳು. ಅವನ ತಾಯಿಗೂ ಹಾಗೇ, ತೀರಿಹೋದ ಅಜ್ಜಿಗೂ ಹಾಗೇ. "ನಿಮ್ಮಜ್ಜಿ ಬಿಟ್ಟುಹೋದ ಆಸ್ತಿ ಇದೊಂದೇ, ಜೋಪಾನ" ಎಂದು ಹೆಂಡತಿ ಚುಡಾಯಿಸುತ್ತಿದ್ದಳು. ಅಜ್ಜಿ ಬಿಟ್ಟುಹೋದದ್ದು ಇನ್ನೂ ಒಂದಿತ್ತು. ಉಣ್ಣುವಾಗ ಬಾಗಿಲು ಹಾಕಬೇಕು, ಹೊರಗಿನವರ ಕಣ್ಣು ತಟ್ಟೆಯ ಮೇಲೆ ಬೀಳಬಾರದು. ಮದುವೆ ಮನೆಯಲ್ಲೂ ಗೋಡೆಗೆ ಮುಖ ಮಾಡಿ ಉಣ್ಣುವ ಮನೆತನ ಅದು. ಕಂಡವರು ಜಂಭ ಎನ್ನುತ್ತಿದ್ದರು. ಇಪ್ಪತ್ತೆಂಟು ವರ್ಷದಿಂದ ಆರ್ಬೆರಳು ಮಧ್ಯಾಹ್ನದ ಬುತ್ತಿ ಬಿಚ್ಚುತ್ತಿದ್ದುದು ಖಾಲಿ ಬಿದ್ದ ಕರಡಿ ಬೋನಿನ ಹಿಂದೆ, ಯಾರೂ ಸುಳಿಯದ ಮೂಲೆಯಲ್ಲಿ.

ಮೃಗಾಲಯಕ್ಕೆ ನೂರು ವರ್ಷ ತುಂಬಿತು. ಆ ಬೋನಿನ ಬೋರ್ಡನ್ನು ತಗಡು ಕಾಣುವ ತನಕ ಕೆರೆದು ಹೊಸದಾಗಿ 'ಕರಡಿ' ಎಂದು ಬರೆಯಲು ಮೇಲ್ವಿಚಾರಕ ಹೇಳಿದ. ಕೆರೆಯುವುದು ಪೇಂಟರುಗಳಿಗೆ ಬೇಡದ ಕೆಲಸ. ಬಂದವರೆಲ್ಲ ಹಳೇ ಬಣ್ಣದ ಮೇಲೇ ಹೊಸ ಬಣ್ಣ ಬಳಿದು ಕೈ ತೊಳೆದುಕೊಂಡಿದ್ದರು, ಇವನೂ ಅದೇ ಜಾತಿಯವನೇ. ಗೊಣಗುತ್ತಲೇ ಕೆರೆದ. ಕರಡಿಯ ಕೆಳಗೆ ಚಿರತೆ, ಚಿರತೆಯ ಕೆಳಗೆ ಕೋತಿ. ಕೋತಿಯ ಕೆಳಗೆ ಒಬ್ಬ ಹೆಂಗಸು, ಪಕ್ಕದಲ್ಲಿ ಏಳೆಂಟು ವರ್ಷದ ಹುಡುಗಿ.

'ಗುಡ್ಡದ ಕಾಡುಜನ. ತಾಯಿ, ಮಗಳು. ಮಗಳ ಎಡಗೈ ಗಮನಿಸಿ. ಇವರು ಉಣ್ಣುವುದನ್ನು ನೋಡುವ ಸಮಯ: ನಾಲ್ಕು ಗಂಟೆ.'

ಚಿತ್ರದ ಹುಡುಗಿಯ ಬೆರಳುಗಳನ್ನು ಅವನು ಎಣಿಸಿದ. ಆರು. ಕೆರೆಯುವ ಅಲಗು ಕೈಜಾರಿ ಕಾಲ ಮೇಲೆ ಬಿದ್ದದ್ದೂ ಅವನಿಗೆ ತಿಳಿಯಲಿಲ್ಲ.

ಮನೆಗೆ ಹೋಗಿ ತಾಯಿಗೆ ಹೇಳಿದ. ಅವಳು ಎದ್ದು ಬಾಗಿಲು ಹಾಕಿ ಬಂದಳು.

"ನಿಮ್ಮಜ್ಜಿ ಒಂದೇ ಒಂದ್ಸಲ ಬಾಯಿ ಬಿಟ್ಟಿದ್ಲು ಕಣೋ. ಚಿಕ್ಕವಳಿದ್ದಾಗ ಅಮ್ಮನ ಜೊತೆ ಎರಡು ವರ್ಷ ಕಂಬಿ ಹಿಂದೆ ಇದ್ದೆ ಅಂದ್ಲು. ನಾನು ಜೈಲು ಅಂದ್ಕೊಂಡೆ. ಅವಳಮ್ಮ, ಅಂದ್ರೆ ನಮ್ಮಜ್ಜಿ, ಏನೋ ಕದ್ದಿರಬೇಕು, ಮನೆ ಮರ್ಯಾದೆ ಹೋಗುತ್ತೆ ಅಂತ ಬಾಯಿಗೆ ಬೀಗ ಹಾಕ್ಕೊಂಡೆ. ಸತ್ತವಳನ್ನ ಇಷ್ಟು ವರ್ಷ ಕಳ್ಳಿ ಮಾಡಿಟ್ಟಿದ್ನಲ್ಲೋ."

ಮರುದಿನ ಬೆಳಿಗ್ಗೆ ಮೇಲ್ವಿಚಾರಕ ಬೋರ್ಡು ನೋಡಿ ಬಿಳಿಚಿಕೊಂಡ. ಆಮೇಲೆ ದನಿ ತಗ್ಗಿಸಿದ.

"ಆ ಕಾಲದಲ್ಲಿ ಎಷ್ಟೋ ದೇಶಗಳ ಝೂಗಳಲ್ಲಿ ಹೀಗೆ ಜನರನ್ನೂ ಇಡ್ತಿದ್ರಪ್ಪಾ. ದೊಡ್ಡ ದೊಡ್ಡ ಪಟ್ಟಣದವರೇ ಟಿಕೆಟ್ ತಗೊಂಡು ನೋಡ್ತಿದ್ರು. ಈಗ ಯಾಕೆ ಕೆದಕೋದು? ನಾಲ್ಕು ಗಂಟೆಗೆ ನೂರು ವರ್ಷದ ಸಮಾರಂಭಕ್ಕೆ ಅತಿಥಿಗಳು ಬರ್ತಾರೆ, ಅಷ್ಟರೊಳಗೆ ಬಳಿದುಬಿಡು. ಇಲ್ಲಾಂದ್ರೆ ನಾಳೆಯಿಂದ ಬರಬೇಡ."

ಆರ್ಬೆರಳು ಕಪ್ಪು ಬಣ್ಣದ ಡಬ್ಬಿ ತೆರೆದ. ಮೂರು ವರ್ಷ ತಳ್ಳಿದರೆ ನಿವೃತ್ತಿ. ಆದರೂ ಮಾಸಿದ ಹಳೇ ಅಕ್ಷರಗಳ ಮೇಲೇ ಕುಂಚ ಎಳೆದು, ದೂರದಿಂದ ಓದುವಷ್ಟು ದಪ್ಪ ಮಾಡಿದ. ಆಮೇಲೆ ಹೋಗಿ ತಾಯಿಯನ್ನು ಕರೆತಂದ.

ನಾಲ್ಕು ಗಂಟೆಗೆ ಅತಿಥಿಗಳು ಬೋನಿನ ಮುಂದೆ ಬಂದರು. ಬೋರ್ಡಿನ ಕೆಳಗಿನ ಕಲ್ಲಿನ ಮೇಲೆ ಮುದುಕಿಯೊಬ್ಬಳು ಜನರ ಕಡೆಗೇ ಮುಖ ಮಾಡಿ ಕೂತು, ಎಡಗೈಯಲ್ಲಿ ಬುತ್ತಿ ಹಿಡಿದು ಉಣ್ಣುತ್ತಿದ್ದಳು. ಓದಿದವರ ಕಣ್ಣು ಬೋರ್ಡಿನಿಂದ ಆ ಕೈಗೆ ಇಳಿಯಿತು. ಮಗ ಅಡ್ಡ ನಿಂತು ಮರೆ ಮಾಡಲು ಹೋದ.

"ಪಕ್ಕಕ್ಕೆ ಬಾರೋ," ಎಂದಳು ಅವಳು. "ಅವರಿಗೆ ಕಾಣಲಿ."