ಹಣೆಗೆ ಕುಂಕುಮವಿಟ್ಟ ಪುಸ್ತಕ

ಪುಸ್ತಕ ನಮ್ಮ ಮನೆಯಲ್ಲೇ ಉಳಿಯಿತು! ಕೊಳ್ಳಲು ಬಂದ ವ್ಯಾಪಾರಿ ಬರಿಗೈಯಲ್ಲಿ ಹೋದ. ಮೊಮ್ಮಗಳು ನನ್ನನ್ನು ಅಪ್ಪಿಕೊಂಡು ಚಾಳಿನ ಗ್ಯಾಲರಿಯಲ್ಲೇ ಕುಣಿಸಿಬಿಟ್ಟಳು. ನನ್ನ ಮೊಣಕಾಲು ನೋವು ಎಲ್ಲಿ ಹೋಯಿತೋ ಶಿವನೇ ಬಲ್ಲ!

ಎಪ್ಪತ್ತರ ದಶಕದ ಮಾತಿದು. ಸಯನ್‌ನಲ್ಲಿ ನನ್ನ ಮಗನದು ರದ್ದಿ ಅಂಗಡಿ. ದಾದರಿನ ಹಳೆಯ ಬಂಗಲೆಯಿಂದ ತಂದ ರದ್ದಿಯಲ್ಲಿ ಆ ಪುಸ್ತಕ ಬಂದಿತ್ತು. ಕಾಲೇಜಿಗೆ ಹೋಗುತ್ತಿದ್ದ ಮೊಮ್ಮಗಳು ಅದನ್ನು ತಕ್ಕಡಿಗೆ ಹಾಕಗೊಡಲಿಲ್ಲ. ಬರೆದವಳು ಇನ್ನೂರು ವರ್ಷಗಳ ಹಿಂದಿನ ಅಮೆರಿಕದ ಕಪ್ಪು ಹೆಂಗಸು. ಚಿಕ್ಕಂದಿನಲ್ಲೇ ಅವಳನ್ನು ಸಂತೆಯ ದನದಂತೆ ಮಾರಿದ್ದರಂತೆ. ಕವಿತೆ ಕಟ್ಟಿದವಳು ಇವಳೇ ಎಂದರೆ ಜನ ನಂಬಲಿಲ್ಲವಂತೆ, ಊರಿನ ದೊಡ್ಡ ಮಂದಿ ಸಹಿ ಹಾಕಿ ಹೇಳಬೇಕಾಯಿತಂತೆ. ಕೇಳಿ ನನಗೆ ನನ್ನ ಶಾಲೆಯೇ ನೆನಪಾಯಿತು. ಎರಡನೇ ಇಯತ್ತೆಗೇ ಶಾಲೆ ಬಿಡಿಸಿಕೊಂಡವಳು ನಾನು.

ಪುಸ್ತಕದ ಮೊದಲ ಪುಟದಲ್ಲೇ ಅವಳ ಚಿತ್ರವಿತ್ತು, ಕೈಯಲ್ಲಿ ಗರಿಯ ಲೇಖನಿ. ದೀಪಾವಳಿಯಲ್ಲಿ ಅಂಗಡಿ ಪೂಜೆಗೆ ಪುಸ್ತಕವನ್ನೂ ಇಟ್ಟೆ. ತಕ್ಕಡಿಗೆ, ತೂಕದ ಕಲ್ಲಿಗೆ ಕುಂಕುಮ ಹಚ್ಚಿದ ಬೆರಳು ಅವಳ ಹಣೆಯನ್ನು ಬಿಟ್ಟೀತೇ?

ಆಮೇಲೆ ಕಾಲೇಜಿನ ಮೇಡಂ ನೋಡಿ, ಇದು ಮೊದಲ ಅಚ್ಚು, ಬಹಳ ಅಪರೂಪದ್ದು ಎಂದರು. ಸುದ್ದಿ ಹಬ್ಬಿ ಫೋರ್ಟಿನ ವ್ಯಾಪಾರಿ ಬಂದ. ಮಗ ಮಾರಲು ಒಪ್ಪಿದ್ದ. ಆ ಕವಿಯ ಬಗ್ಗೆಯೇ ಕಾಲೇಜಿನ ಪ್ರಬಂಧ ಬರೆಯಬೇಕೆಂದಿದ್ದ ಮೊಮ್ಮಗಳು ಬಾಗಿಲಲ್ಲಿ ಮುಖ ತಿರುಗಿಸಿ ನಿಂತಿದ್ದಳು.

ವ್ಯಾಪಾರಿ ಪುಟ ತೆರೆದವನೇ, “ಅರೇ ಮಾಜೀ, ಯೇ ಕ್ಯಾ ಕರ್ ದಿಯಾ!” ಎಂದು ತಲೆ ಚಚ್ಚಿಕೊಂಡ. ಔಷಧಿ ಹಾಕಿಸಿ ಕಲೆ ಅಳಿಸಿ, ವಿಲಾಯಿತಿಗೆ ಕಳಿಸುವನಂತೆ.

ನನಗೆ ಸಿಟ್ಟು ನೆತ್ತಿಗೇರಿತು. “ಹೆಣ್ಮಗಳ ಹಣಿ ಮ್ಯಾಲಿನ ಕುಂಕುಮ ಅಳಸಾಕ ನೀ ಯಾಂವೋ?”

“ಯವ್ವಾ, ಅದ ಚಿತ್ರ ಐತಿ, ಸುಮ್ಕಿರ,” ಎಂದ ಮಗ.

“ಚಿತ್ರ ಆದ್ರೇನಾತು? ಒಮ್ಮಿ ಮಾರಿದ್ದು ಸಾಲಲಿಲ್ಲೇನೋ ಅಕೀನ್ನ? ನೀನೂ ಮಾರಾಕ ನಿಂತಿಯೇನು?”

ಮಗ ತನ್ನ ಮಗಳ ಕಡೆ ನೋಡಿದ. ಆಮೇಲೆ ವ್ಯಾಪಾರಿಯ ಕೈಯಿಂದ ಪುಸ್ತಕ ತೆಗೆದುಕೊಂಡು ಅವಳಿಗೆ ಕೊಟ್ಟ. “ನಹೀ ಸೇಠ್, ಬೇಚನಾ ನಹೀ.”

“ಅಜ್ಜೀ, ತೂ ಏಕ್‌ದಮ್ ಭಾರೀ!” ಎಂದು ಕಿರುಚಿದಳು ಮೊಮ್ಮಗಳು.

ಸಂಜೆ ಸೊಸೆ ಬಿಸಿ ರೊಟ್ಟಿ ಬಡಿದಳು, ನಾನು ಎಣ್ಣೆಗಾಯಿ ಮಾಡಿದೆ. ಎಲ್ಲರೂ ಒಂದೇ ಖೋಲಿಯಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತೆವು. ಮಗ ಇನ್ನೂ ಬಿಗುಮಾನದಲ್ಲಿದ್ದ. “ಆ ಅಮೆರಿಕದಾಕಿಗೂ ಒಂದ ರೊಟ್ಟಿ ಹಾಕಬೇ,” ಎಂದ.

“ಹಾಕ್ತೀನಿ, ನಿನ್ನ ಪಾಲಿಂದ!” ಎಂದೆ. ಮೊದಲು ನಕ್ಕವನು ಅವನೇ. ಆಮೇಲೆ ಇನ್ನೆರಡು ರೊಟ್ಟಿ ಕೇಳಿ ಹಾಕಿಸಿಕೊಂಡು ಉಂಡ.