ಸೊನ್ನೆ ಕಂಡ ಸಂತೋಷ

ಪರದೆಯ ಎಡಬದಿಯಲ್ಲಿ, ಚಿಕ್ಕದೊಂದು ಚೌಕದೊಳಗೆ, ಸಾಸಿವೆ ಕಾಳಿನಷ್ಟು ನೀಲಿ ಗುರುತು. ಅದರ ಪಕ್ಕದಲ್ಲಿ, ಇಲ್ಲೇ, ಪರದೆಯ ಮೇಲೆ, ಪೂರ್ತಿಯಾಗಿ ಓದಲು ಸಿಗುವಂಥವನ್ನು ಮಾತ್ರ ತೋರಿಸು ಎಂಬರ್ಥದ ಇಂಗ್ಲಿಷ್ ಸಾಲು. ವಿಶ್ವವಿದ್ಯಾನಿಲಯದ ಗ್ರಂಥಾಲಯದ ಡೇಟಾಬೇಸನ್ನು ಬಳಸತೊಡಗಿದ ಹೊಸತರಲ್ಲಿ ಆ ಗುರುತು ಹಾಕಿದವಳು ನಾನೇ. ಕೈಗೆ ಸಿಗದ ಲೇಖನಗಳ ಶೀರ್ಷಿಕೆಯನ್ನಷ್ಟೇ ಓದಿ ಕೊರಗುವುದು, ಮುಗಿದುಹೋದ ಮದುವೆಯ ಆಮಂತ್ರಣ ಪತ್ರಿಕೆಯನ್ನು ಹಿಡಿದುಕೊಂಡು ಊಟದ ವೇಳೆ ಹುಡುಕಿದಂತೆ ಎಂದು ನನಗೆ ಅನ್ನಿಸಿತ್ತು. ಹಾಕಿದ್ದನ್ನು ನಾನು ಮರೆತೆ. ನನ್ನ ಖಾತೆ ಮರೆಯಲಿಲ್ಲ.

ನನ್ನ ಸಂಶೋಧನೆ ಚಾಮುಂಡಿ ಬೆಟ್ಟದ ಮೇಲಿನ ಅಂಗಡಿಗಳನ್ನು ಕುರಿತದ್ದು: ಯಾರ ಪಕ್ಕ ಯಾರು ಅಂಗಡಿ ಇಡುತ್ತಾರೆ, ಒಬ್ಬರು ಊರಿಗೆ ಹೋದರೆ ಅವರ ಗಿರಾಕಿಗಳನ್ನು ಯಾರು ನೋಡಿಕೊಳ್ಳುತ್ತಾರೆ, ಇತ್ಯಾದಿ. ಹುಡುಕಿದೆ. ಬಂದ ಫಲಿತಾಂಶ ಸೊನ್ನೆ. ಪರೀಕ್ಷೆಯಲ್ಲಾಗಲಿ ಕ್ರಿಕೆಟ್ಟಿನಲ್ಲಾಗಲಿ ಸೊನ್ನೆ ಕಂಡವರ ಮುಖ ಬಾಡುತ್ತದೆ. ಸೊನ್ನೆ ಕಂಡು ಮನಸ್ಸಿನಲ್ಲೇ ಮೈಸೂರುಪಾಕು ಹಂಚುವ ಜೀವಿಗಳು, ಓದುಗರೇ, ಸಂಶೋಧಕರು ಮಾತ್ರ. ಪಿಎಚ್.ಡಿ. ನೋಂದಣಿಗೆ ಸಲ್ಲಿಸಬೇಕಾದ ಸಾರಲೇಖದ ಮೊದಲ ಪುಟದಲ್ಲೇ ‘ಈ ವಿಷಯವನ್ನು ಕುರಿತು ಇದುವರೆಗೆ ಯಾರೂ ಅಧ್ಯಯನ ನಡೆಸಿಲ್ಲ’ ಎಂದು ಬರೆದೆ. ನನ್ನ ನೋಂದಣಿ ನಿಂತದ್ದೇ ಆ ವಾಕ್ಯದ ಮೇಲೆ. ಅದನ್ನು ಸಮಿತಿಯ ಮುಂದೆ ಮಂಡಿಸುವ ದಿನವೂ ಹತ್ತಿರ ಬಂತು.

ಇಲವಾಲದಿಂದ ಬಸ್ಸಿನಲ್ಲಿ ಬರುವ ಶೈಲಜಾ ನನ್ನ ಜೊತೆಗೇ ಸಂಶೋಧನೆಗೆ ಸೇರಿದವಳು. ಪಕ್ಕದ ಕುರ್ಚಿಯಿಂದ ಕುತ್ತಿಗೆ ಚಾಚಿ ಕೇಳಿದಳು:

“ಎಲ್ಲಿ, ಆ ಸೊನ್ನೆ ತೋರ್ಸು ಕಣೆ. ಇಷ್ಟು ಜನ ಬೆಟ್ಟ ಹತ್ತಿದಾರೆ, ಒಬ್ರೂ ಬರ್ದಿಲ್ವಾ?”

ತೋರಿಸಿದೆ, ಸ್ವಲ್ಪ ಹೆಮ್ಮೆಯಿಂದಲೇ.

“ಇದ್ಯಾಕೆ ಇಲ್ಲಿ ಗುರುತು ಹಾಕ್ಬುಟ್ಟಿದೀಯ?” ಎಂದವಳೇ ಅದನ್ನು ತೆಗೆದಳು.

ಸೊನ್ನೆ ಹೋಗಿ ಒಂದು ಬಂತು. ಬಹಳ ಹಿಂದೆ, ವಾಣಿಜ್ಯ ವಿಭಾಗದ ಒಬ್ಬಾಕೆ ಬೆಟ್ಟದ ಅಂಗಡಿಗಳ ಬಗ್ಗೆಯೇ ಬರೆದ ಪ್ರಬಂಧ. ತೆರೆದದ್ದು ಸಾರಾಂಶ ಮಾತ್ರ. ಅಚ್ಚಾದ ಪ್ರತಿ ನಮ್ಮ ಗ್ರಂಥಾಲಯದ ಕೆಳಗಿನ ಅಂತಸ್ತಿನಲ್ಲೇ ಇದೆ ಎಂದು ಅಲ್ಲಿ ಬರೆದಿತ್ತು. ಸಾರಾಂಶದ ಮೊದಲ ಸಾಲು, ಈ ಕ್ಷೇತ್ರದಲ್ಲಿ ಹಿಂದೆ ಯಾರೂ ಕೆಲಸ ಮಾಡಿಲ್ಲ ಎಂಬುದು. ಶೈಲಜಾ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡು ನಕ್ಕಳು. “ಇವ್ರೂ ನಿನ್ನಂಗೇ ಕಣೆ.”

ನಾನು ಗುರುತನ್ನು ಮತ್ತೆ ಹಾಕಿದೆ. ಸೊನ್ನೆ ವಿಧೇಯವಾಗಿ ಹಿಂತಿರುಗಿತು.

“ಹಾಕ್ಬುಟ್ರೆ ಅವ್ರು ಎದ್ದು ಹೋಗ್ಬುಡ್ತಾರಾ?” ಎಂದಳು.

ಹೋಗುವುದಿಲ್ಲ, ನಿಜ. ಆದರೆ ಸಮಿತಿಯವರು ಈ ಚೌಕದವರೆಗೆ ಬರುವುದೂ ಅನುಮಾನ. ಗೋಕುಲಂನ ಮನೆಗೆ ಹಿಂತಿರುಗುವ ದಾರಿಯುದ್ದಕ್ಕೂ ನನ್ನ ಪರವಾಗಿ ನಾನೇ ವಕಾಲತ್ತು ನಡೆಸಿದೆ: ಅವರದು ವಾಣಿಜ್ಯ, ನನ್ನದು ಸಮಾಜಶಾಸ್ತ್ರ, ಅವರದು ಹಳೆಯದು, ನನ್ನದು ಹೊಸದು. ಮನೆ ತಲುಪುವ ಹೊತ್ತಿಗೆ ವಕಾಲತ್ತು ಸೋತಿತ್ತು. ಯಂತ್ರ ಸುಳ್ಳು ಹೇಳಿರಲಿಲ್ಲ. ಈಗಲೇ ನನ್ನ ಕೈಗೆ ಸಿಗುವುದೇನಿದೆ ಎಂದು ಕೇಳಿದ್ದೆ, ಇಲ್ಲ ಎಂದಿತ್ತು. ನನಗೆ ಸಿಗದಿರುವುದನ್ನು ಇಲ್ಲವೇ ಇಲ್ಲವೆಂದು ಓದಿಕೊಂಡವಳು ನಾನು. ಹಾಗೆ ಓದಿಕೊಂಡರೆ ನನಗೆ ಲಾಭವಿತ್ತು, ಅಷ್ಟೆ.

ಮರುದಿನ ಬೆಳಿಗ್ಗೆ ಗ್ರಂಥಾಲಯದ ಬಾಗಿಲು ತೆಗೆಯುತ್ತಲೇ ಕೆಳಗಿನ ಅಂತಸ್ತಿಗೆ ಹೋಗಿ ಆ ಪ್ರಬಂಧವನ್ನು ಓದಲು ಕೂತೆ. ಆಕೆ ಅಚ್ಚುಕಟ್ಟಾಗಿ ಕೆಲಸ ಮಾಡಿದ್ದರು. ಆದರೆ ಮಾತಾಡಿಸಿದ್ದೆಲ್ಲ ಅಂಗಡಿ ಮಾಲೀಕರನ್ನು. ಅಂಗಡಿಯಿಲ್ಲದೆ, ಬುಟ್ಟಿ ಇಟ್ಟುಕೊಂಡು ಹೂ ಮಾರುವ ಹೆಂಗಸರ ಬಗ್ಗೆ ಅಲ್ಲಿ ಏನೂ ಇರಲಿಲ್ಲ. ನನ್ನ ‘ಯಾರೂ’ ಎಂಬುದನ್ನು ಹೊಡೆದುಹಾಕಿ ಆಕೆಯ ಹೆಸರು ಬರೆದೆ, ಗೈಡ್ ಮೇಡಂಗೆ ಫೋನ್ ಮಾಡಿ ವಿಷಯ ಬದಲಾಗಬಹುದೆಂದು ತಿಳಿಸಿದೆ. ಆಮೇಲೆ ಮೇಲೆ ಬಂದು, ಎಲ್ಲ ಚೌಕಗಳನ್ನೂ ಖಾಲಿ ಮಾಡಿ, ಹೂ ಮಾರುವವರ ಬಗ್ಗೆ ಹುಡುಕಲು ಕೊಟ್ಟೆ. ಪರದೆ ತುಂಬುವವರೆಗೆ, ಬರೆದವರು ಒಬ್ಬರಾದರೂ ಇರಲಿ ಎಂದುಕೊಳ್ಳುತ್ತ ಕೂತೆ.